ಕಾರಿನ ಗ್ಲಾಸ್ ಇಳಿಯುತ್ತಿಲ್ಲ, ಲಾಕ್ ಬೀಳುತ್ತಿಲ್ಲ: ‘ಮಾಡ್ಯೂಲ್’ ಬದಲಿಸುವ ಮೊದಲು ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ ನೋಡಿ

ಪವರ್ ವಿಂಡೋ ಗ್ಲಾಸ್ ಅರ್ಧಕ್ಕೇ ನಿಲ್ಲುತ್ತದೆ. ಸೆಂಟರ್ ಲಾಕ್ ಮೂರು ಬಾಗಿಲಿಗೆ ಬೀಳುತ್ತದೆ, ನಾಲ್ಕನೆಯದಕ್ಕೆ ಬೀಳುವುದಿಲ್ಲ. ಬಾಗಿಲು ಗಟ್ಟಿಯಾಗಿ ಹಾಕಿದ್ದರೂ ‘ಬಾಗಿಲು ತೆರೆದಿದೆ’ ಎನ್ನುವ ಕೆಂಪು ದೀಪ ಡ್ಯಾಶ್‌ಬೋರ್ಡಿನಲ್ಲಿ ಆರುವುದಿಲ್ಲ. ಕಾರು ಸ್ವಲ್ಪ ಹಳೆಯದಾದರೆ ಇಂಥ ತೊಂದರೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಆಗ ಸಿಗುವ ಸಲಹೆಗಳು ಸಾಮಾನ್ಯವಾಗಿ ಎರಡು ಕಡೆಯಿಂದ ಬರುತ್ತವೆ. ಗ್ಯಾರೇಜಿನಲ್ಲಿ ‘ಮಾಡ್ಯೂಲ್ ಹೋಗಿದೆ, ಹೊಸದು ಹಾಕಬೇಕು’ ಎನ್ನುತ್ತಾರೆ. ಮೊಬೈಲಿಗೆ ಬರುವ ವಿಡಿಯೋಗಳು ‘ಸ್ವಿಚ್ಚಿಗೆ ಎಣ್ಣೆ ಸ್ಪ್ರೇ ಹೊಡೆಯಿರಿ’, ‘ಫ್ಯೂಸ್ ದೊಡ್ಡದು ಹಾಕಿ’ ಎನ್ನುತ್ತವೆ. ಮೊದಲನೆಯದನ್ನು ಪರೀಕ್ಷಿಸದೆ ಒಪ್ಪಿಕೊಂಡರೆ ಸಾವಿರಾರು ರೂಪಾಯಿ ಕೈಬಿಡುತ್ತದೆ. ಎರಡನೆಯದನ್ನು ನಂಬಿದರೆ ಕಾರಿಗೇ ಬೆಂಕಿ ತಗುಲಬಹುದು. ನಿಜವಾದ ಕಾರಣ ಎಷ್ಟೋ ಸಲ ತುಂಡಾಗುತ್ತಾ ಬಂದ ಒಂದು ತಂತಿ, ತುಕ್ಕು ಹಿಡಿದ ಒಂದು ಕಪ್ಲರ್ ಅಥವಾ ಸೋತ ಬ್ಯಾಟರಿ ಆಗಿರುತ್ತದೆ.

ವಿಜಯಪುರ ಜಿಲ್ಲೆಯ ಚಡಚಣದಂಥ ಗಡಿ ಊರಿನಲ್ಲಿ ಈ ತಿಳಿವಳಿಕೆಯ ಬೆಲೆ ಇನ್ನೂ ಹೆಚ್ಚು. ಇಲ್ಲಿನವರು ಕಾರಿನ ದೊಡ್ಡ ಕೆಲಸಕ್ಕೆ ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಹೋಗಬೇಕು. ಒಂದು ದಿನದ ದುಡಿಮೆ ಬಿಟ್ಟು ಅಲ್ಲಿಗೆ ಹೋಗಿ, ಬೇಡದ ಬಿಡಿಭಾಗ ಹಾಕಿಸಿಕೊಂಡು, ವಾರದೊಳಗೆ ಅದೇ ತೊಂದರೆಯೊಂದಿಗೆ ಮತ್ತೆ ಹೋಗುವುದು ಯಾರಿಗೂ ಬೇಡ. ಹಾಗಾದರೆ ಬಾಗಿಲೊಳಗೆ ನಡೆಯುವುದೇನು, ದೋಷ ಹುಡುಕುವುದು ಹೇಗೆ, ಹರಿದಾಡುವ ಸಂದೇಶಗಳಲ್ಲಿ ನಿಜವೆಷ್ಟು ಎಂಬುದನ್ನು ಒಂದೊಂದಾಗಿ ನೋಡೋಣ.

ಬಾಗಿಲೊಳಗೆ ಕಂಪ್ಯೂಟರ್ ಏಕೆ ಬಂತು?

ಹಳೆಯ ಕಾರಿನಲ್ಲಿ ಲೆಕ್ಕ ಸರಳವಾಗಿತ್ತು. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ಸ್ವಿಚ್, ಸ್ವಿಚ್ಚಿನಿಂದ ಮೋಟಾರು. ಸ್ವಿಚ್ ಒತ್ತಿದರೆ ಗ್ಲಾಸ್ ಏರುತ್ತಿತ್ತು. ಆಮೇಲೆ ಸೆಂಟರ್ ಲಾಕ್ ಬಂತು. ಮಡಚುವ ಕನ್ನಡಿ ಬಂತು. ಬೆರಳು ಸಿಕ್ಕರೆ ತಾನಾಗಿ ಹಿಂದಿರುಗುವ ಗ್ಲಾಸ್ ಬಂತು. ಒಂದೊಂದಕ್ಕೂ ಬೇರೆ ಬೇರೆ ತಂತಿ ಎಳೆದರೆ ಬಾಗಿಲ ಸಂದಿಯಲ್ಲಿ ಹಗ್ಗದಷ್ಟು ದಪ್ಪದ ಕಟ್ಟು ಆಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಹಲವು ಕಾರುಗಳ ಬಾಗಿಲೊಳಗೇ ಒಂದು ಚಿಕ್ಕ ನಿಯಂತ್ರಣ ಪೆಟ್ಟಿಗೆ ಇಟ್ಟರು. ಇದನ್ನೇ ಮೆಕ್ಯಾನಿಕ್‌ಗಳು ‘ಡೋರ್ ಮಾಡ್ಯೂಲ್’ ಎನ್ನುತ್ತಾರೆ. ಚಾಲಕ ಸ್ವಿಚ್ ಒತ್ತಿದಾಗ ‘ಎಡ ಹಿಂದಿನ ಗ್ಲಾಸ್ ಇಳಿಸು’ ಎಂಬ ಸಂದೇಶ ಒಂದೆರಡು ಸಣ್ಣ ತಂತಿಗಳ ಮೂಲಕ ಹೋಗುತ್ತದೆ. ಆ ಬಾಗಿಲಿನ ಮಾಡ್ಯೂಲ್ ಅದನ್ನು ಓದಿ ಮೋಟಾರಿಗೆ ಕರೆಂಟ್ ಬಿಡುತ್ತದೆ. ಕಾರಿನ ಕಂಪ್ಯೂಟರುಗಳು ಹೀಗೆ ಮಾತಾಡಿಕೊಳ್ಳಲು ಬಳಸುವ ‘ಕ್ಯಾನ್’ ಎಂಬ ಪದ್ಧತಿಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿತು. ಇಂದು ಹೆಚ್ಚು ಕಡಿಮೆ ಎಲ್ಲ ಹೊಸ ಕಾರುಗಳಲ್ಲೂ ಅದು ಇದೆ. ಕಡಿಮೆ ಬೆಲೆಯ ಕಾರುಗಳಲ್ಲಿ ಪ್ರತಿ ಬಾಗಿಲಿಗೂ ಮಾಡ್ಯೂಲ್ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿರುವ ಒಂದೇ ದೊಡ್ಡ ಪೆಟ್ಟಿಗೆ ಎಲ್ಲ ಬಾಗಿಲುಗಳ ಲಾಕ್ ನೋಡಿಕೊಳ್ಳುತ್ತದೆ.

ಈ ಮಾಡ್ಯೂಲುಗಳಿಗೆ ಒಂದು ಸ್ವಭಾವವಿದೆ. ಸಾಮಾನ್ಯವಾಗಿ 9ರಿಂದ 16 ವೋಲ್ಟಿನ ಒಳಗೆ ಕರೆಂಟ್ ಸಿಕ್ಕರೆ ಮಾತ್ರ ಅವು ನೆಟ್ಟಗೆ ಕೆಲಸ ಮಾಡುತ್ತವೆ. ಅದಕ್ಕಿಂತ ಕಡಿಮೆಯಾದರೆ ಮೋಟಾರನ್ನು ನಿಲ್ಲಿಸಿ, ‘ವೋಲ್ಟೇಜ್ ಕಡಿಮೆ’ ಎಂದು ತಮ್ಮೊಳಗೆ ಬರೆದಿಟ್ಟುಕೊಂಡು ಸುಮ್ಮನಾಗುತ್ತವೆ. ಹೊರಗಿನಿಂದ ನೋಡುವವರಿಗೆ ಮಾಡ್ಯೂಲ್ ಸತ್ತಂತೆ ಕಾಣುತ್ತದೆ. ಆದರೆ ಅದು ಕೆಟ್ಟಿರುವುದಿಲ್ಲ, ಹಸಿದಿರುತ್ತದೆ.

ಮೀಟರಿನಲ್ಲಿ 12 ವೋಲ್ಟ್ ಬಂತಲ್ಲ, ಇನ್ನೇನು ತೊಂದರೆ?

ಹೆಚ್ಚಿನವರು ಎಡವುವುದು ಇಲ್ಲೇ. ಬಾಗಿಲಿನ ಕಪ್ಲರ್ ಕಳಚಿ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ. ‘ಕರೆಂಟ್ ಬರುತ್ತಿದೆ, ಹಾಗಾದರೆ ಮಾಡ್ಯೂಲೇ ಕೆಟ್ಟಿರಬೇಕು’ ಎಂದು ತೀರ್ಮಾನಿಸಿಬಿಡುತ್ತಾರೆ.

ಹೊಲದಲ್ಲಿ ಪಂಪ್‌ಸೆಟ್ ಇರುವವರಿಗೆ ಇದರಲ್ಲಿರುವ ತಪ್ಪನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಒಂದೇ ಟಿಸಿ ಮೇಲೆ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಚಾಲೂ ಆದಾಗ ಶೆಡ್ಡಿನ ಬಲ್ಬ್ ಉರಿಯುತ್ತಲೇ ಇರುತ್ತದೆ. ಆದರೆ ಮೋಟಾರು ಗುಂಯ್‌ಗುಟ್ಟುತ್ತದೆಯೇ ಹೊರತು ತಿರುಗುವುದಿಲ್ಲ. ಬಲ್ಬ್ ಉರಿದ ಮಾತ್ರಕ್ಕೆ ಮೋಟಾರು ಎತ್ತುವಷ್ಟು ಶಕ್ತಿ ತಂತಿಯಲ್ಲಿದೆ ಎಂದು ಯಾವ ರೈತರೂ ಹೇಳುವುದಿಲ್ಲ. ಕಾರಿನ ಬಾಗಿಲಲ್ಲೂ ಇದೇ ಕಥೆ.

ಲೆಕ್ಕ ಹಾಕಿ ನೋಡೋಣ. ಒಂದು ಕಪ್ಲರಿನಲ್ಲಿ ತುಕ್ಕು ಹಿಡಿದು ಅರ್ಧ ಓಮ್‌ನಷ್ಟು ತಡೆ ಸೇರಿಕೊಂಡಿದೆ ಎಂದುಕೊಳ್ಳಿ. ಗ್ಲಾಸ್ ಎತ್ತುವ ಮೋಟಾರು 10 ಆಂಪಿಯರ್ ಎಳೆದರೆ ಆ ಜಾಗದಲ್ಲೇ 5 ವೋಲ್ಟ್ ನಷ್ಟವಾಗುತ್ತದೆ (10 × 0.5). ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದರೂ ಬಾಗಿಲಿಗೆ ತಲುಪುವುದು 7.5 ಮಾತ್ರ. ಮಾಡ್ಯೂಲ್ ಕೈಚೆಲ್ಲುತ್ತದೆ.

ಅದೇ ಜಾಗದಲ್ಲಿ ಕಪ್ಲರ್ ಕಳಚಿ ಡಿಜಿಟಲ್ ಮೀಟರ್ ಹಿಡಿದರೆ ಏನಾಗುತ್ತದೆ? ಮೀಟರಿನ ಒಳಗಿನ ತಡೆ ಸಾಮಾನ್ಯವಾಗಿ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. ಅದು ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ ಆ ತುಕ್ಕಿನ ಜಾಗದಲ್ಲಿ ಆಗುವ ನಷ್ಟ ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗವೂ ಅಲ್ಲ. ಹಾಗಾಗಿ ಮೀಟರ್ ನೆಮ್ಮದಿಯಾಗಿ 12.5 ತೋರಿಸುತ್ತದೆ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿ ಒಂದೇ ಎಳೆ ಉಳಿದ ತಂತಿಯಲ್ಲೂ ಮೀಟರ್ ಅಷ್ಟೇ ತೋರಿಸುತ್ತದೆ.

ನೆನಪಿಡಬೇಕಾದ ಒಂದೇ ಮಾತು ಇದು: ವೋಲ್ಟೇಜನ್ನು ಕೆಲಸ ನಡೆಯುತ್ತಿರುವಾಗ ಅಳೆಯಬೇಕು, ಸುಮ್ಮನಿರುವಾಗ ಅಲ್ಲ.

ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು

ಬಾಗಿಲಿನ ಪ್ಯಾನಲ್ ಬಿಚ್ಚುವ ಮೊದಲು ಬಾನೆಟ್ ಎತ್ತಿ. ಕೆಲವು ಗಂಟೆ ಸುಮ್ಮನೆ ನಿಂತ ಕಾರಿನ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ ಎಂದರ್ಥ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. ಎಂಜಿನ್ ಚಾಲೂ ಮಾಡಿದ ಮೇಲೆ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7ರ ನಡುವೆ ಬರಬೇಕು. ಬರದಿದ್ದರೆ ತೊಂದರೆ ಚಾರ್ಜಿಂಗ್‌ನಲ್ಲಿದೆ, ಬಾಗಿಲಲ್ಲಿ ಅಲ್ಲ.

ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಇಳಿಯುವುದು ಸಹಜ. ಆದರೆ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಎಂಬ ಸೂಚನೆ. ಆ ಕ್ಷಣದಲ್ಲಿ ಬಾಗಿಲಿನ ಮಾಡ್ಯೂಲುಗಳಿಗೂ ಕರೆಂಟ್ ಸಾಲುವುದಿಲ್ಲ. ಬೆಳಗಿನ ಹೊತ್ತು ಸ್ಟಾರ್ಟ್ ಮಾಡಿದ ಕೂಡಲೇ ಲಾಕ್ ತಾನಾಗಿ ಟಕ್ ಟಕ್ ಎನ್ನುವುದು, ಒಂದೇ ಒತ್ತಿಗೆ ಪೂರ್ತಿ ಏರುವ ಗ್ಲಾಸ್ ಆ ಅಭ್ಯಾಸ ಮರೆಯುವುದು, ಇಂಥವು ಅನೇಕ ಸಲ ಬ್ಯಾಟರಿಯ ದೂರುಗಳೇ. ಟರ್ಮಿನಲ್ ಮೇಲೆ ಬೂದಿಯಂಥ ಬಿಳಿ ಪುಡಿ ಕೂತಿದ್ದರೆ, ಬಾಡಿಗೆ ಬಿಗಿದ ಅರ್ಥಿಂಗ್ ತಂತಿ ಸಡಿಲವಾಗಿದ್ದರೆ ಅದನ್ನು ಮೊದಲು ಸರಿಪಡಿಸಿ.

ಒಂದು ಬಾಗಿಲೋ, ನಾಲ್ಕೂ ಬಾಗಿಲೋ?

ಉಪಕರಣವಿಲ್ಲದೆ, ಕಾರಿನಲ್ಲಿ ಕುಳಿತೇ ಅರ್ಧ ಪತ್ತೆ ಮಾಡಬಹುದು. ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ನಾಲ್ಕೂ ಬಾಗಿಲಲ್ಲಿ ತೊಂದರೆಯೇ? ಹಾಗಿದ್ದರೆ ಬ್ಯಾಟರಿ, ಮುಖ್ಯ ಫ್ಯೂಸ್, ಮುಖ್ಯ ಅರ್ಥಿಂಗ್ ಅಥವಾ ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆಯ ಕಡೆ ನೋಡಬೇಕು. ನಾಲ್ಕು ಬಾಗಿಲಿನ ಮಾಡ್ಯೂಲುಗಳು ಒಂದೇ ದಿನ ಕೆಡುವುದಿಲ್ಲ.

2. ಒಂದೇ ಬಾಗಿಲಲ್ಲಿ ಗ್ಲಾಸ್, ಲಾಕ್, ಕನ್ನಡಿ ಎಲ್ಲವೂ ನಿಂತಿವೆಯೇ? ಆ ಬಾಗಿಲಿಗೆ ಹೋಗುವ ಕರೆಂಟ್ ತಂತಿ ಅಥವಾ ಅರ್ಥಿಂಗ್ ಮೇಲೆ ಮೊದಲ ಅನುಮಾನ.

3. ಒಂದು ಬಾಗಿಲಲ್ಲಿ ಗ್ಲಾಸ್ ಮಾತ್ರ ನಿಂತು, ಲಾಕ್ ಸರಿಯಿದೆಯೇ? ಮೋಟಾರು, ಅದರ ಸ್ವಿಚ್ ಅಥವಾ ಗ್ಲಾಸ್ ಓಡುವ ರಬ್ಬರ್ ಹಳಿಯಲ್ಲಿ ಸಿಕ್ಕಿಕೊಂಡ ಮಣ್ಣು ಕಾರಣವಿರಬಹುದು. ಹಳಿ ಬಿಗಿಯಾದರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ.

4. ಚಾಲಕನ ಸ್ವಿಚ್ಚಿನಿಂದ ಆಗುವುದಿಲ್ಲ, ಆ ಬಾಗಿಲಿನ ಸ್ವಂತ ಸ್ವಿಚ್ಚಿನಿಂದ ಆಗುತ್ತದೆಯೇ? ಮೊದಲು ಚಾಲಕನ ಬಳಿಯ ಆ ಸ್ವಿಚ್ ನೋಡಿ. ಆ ಬಾಗಿಲಿಗೆ ಕರೆಂಟ್ ಸರಿಯಾಗಿಯೇ ಬರುತ್ತಿದೆ. ಸಂದೇಶ ಮಾತ್ರ ತಲುಪುತ್ತಿಲ್ಲ.

5. ಬಾಗಿಲು ತೆರೆದಾಗ ಗ್ಲಾಸ್ ಓಡುತ್ತದೆ, ಮುಚ್ಚಿದಾಗ ಓಡುವುದಿಲ್ಲವೇ? ಅಥವಾ ಇದರ ತಿರುಗುಮುರುಗಾಗಿ ನಡೆಯುತ್ತದೆಯೇ? ಹಾಗಾದರೆ ದೋಷ ಬಹುಮಟ್ಟಿಗೆ ಸಿಕ್ಕಂತೆಯೇ. ಬಾಗಿಲ ಸಂದಿಯ ತಂತಿ ತುಂಡಾಗುತ್ತಿದೆ.

ದೋಷ ಹೆಚ್ಚಾಗಿ ಅಡಗುವ ಜಾಗಗಳು

ಬಾಗಿಲಿಗೂ ಕಾರಿನ ಬಾಡಿಗೂ ನಡುವೆ, ಕೀಲುಗಳ ಪಕ್ಕದಲ್ಲಿ, ಮಡಿಕೆ ಮಡಿಕೆಯಾದ ಒಂದು ಕಪ್ಪು ರಬ್ಬರ್ ಕೊಳವೆ ಇರುತ್ತದೆ. ಬಾಗಿಲಿನ ಎಲ್ಲ ತಂತಿಗಳೂ ಅದರೊಳಗೆ ಹಾದುಹೋಗುತ್ತವೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅವು ಬಾಗಿ ನೆಟ್ಟಗಾಗುತ್ತವೆ. ದಿನಕ್ಕೆ 20 ಸಲ ಎಂದು ಹಿಡಿದರೂ ಹತ್ತು ವರ್ಷಕ್ಕೆ 73,000 ಸಲ. ಚಾಲಕನ ಬಾಗಿಲಿಗೆ ಇದು ಇನ್ನೂ ಹೆಚ್ಚು. ತಾಮ್ರದ ಎಳೆಗಳು ಒಳಗೊಳಗೇ ಒಂದೊಂದಾಗಿ ಕಡಿಯುತ್ತವೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹೊಸದರಂತೆ ಕಾಣುತ್ತದೆ. ಕೊಳವೆಯನ್ನು ಸರಿಸಿ ಒಂದೊಂದೇ ತಂತಿಯನ್ನು ಮೆಲ್ಲಗೆ ಎಳೆದು ನೋಡಿದರೆ, ಒಳಗೆ ತುಂಡಾದದ್ದು ರಬ್ಬರಿನಂತೆ ಹಿಗ್ಗುತ್ತದೆ.

ಇಲ್ಲಿ ದುರಸ್ತಿ ಮಾಡುವಾಗ ಒಂದು ಎಚ್ಚರ ಬೇಕು. ಬಾಗುವ ಜಾಗದಲ್ಲೇ ಬೆಸುಗೆ ಹಾಕಿದರೆ ಆ ಭಾಗ ಕಡ್ಡಿಯಂತೆ ಗಡುಸಾಗಿ, ಅದರ ಪಕ್ಕದಲ್ಲೇ ತಂತಿ ಮತ್ತೆ ಮುರಿಯುತ್ತದೆ. ಮೃದುವಾದ, ಹೆಚ್ಚು ಎಳೆಗಳಿರುವ ಹೊಸ ತಂತಿಯ ತುಂಡು ಹಾಕಿ, ಜೋಡಣೆಗಳು ರಬ್ಬರ್ ಕೊಳವೆಯ ಎರಡೂ ತುದಿಯಾಚೆ ಬರುವಂತೆ ಮಾಡಬೇಕು.

ಎರಡನೆಯ ಜಾಗ ಬಾಗಿಲಿನ ತಳ. ಕಾರಿನ ಬಾಗಿಲೊಳಗೆ ನೀರು ಇಳಿಯುವುದು ದೋಷವಲ್ಲ. ಗ್ಲಾಸಿನ ಪಕ್ಕದಿಂದ ಇಳಿದ ನೀರು ತಳದ ಸಣ್ಣ ರಂಧ್ರಗಳಿಂದ ಹೊರಹೋಗಲೆಂದೇ ಅದನ್ನು ಮಾಡಿರುತ್ತಾರೆ. ಆದರೆ ನಮ್ಮ ಎರೆ ಹೊಲಗಳ ನಡುವಿನ ರಸ್ತೆಗಳಲ್ಲಿ ಬೇಸಿಗೆಯ ದೂಳು ಒಳಗೆ ಸೇರುತ್ತದೆ. ಮೊದಲ ಮಳೆಗೆ ಅದು ಅಂಟು ಮಣ್ಣಾಗಿ ರಂಧ್ರ ಮುಚ್ಚುತ್ತದೆ. ಒಳಗೆ ನಿಂತ ನೀರಿನ ತೇವ ಕಪ್ಲರುಗಳನ್ನು ತಿನ್ನುತ್ತದೆ. ಪಿನ್ನುಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ನೀರು ತಲುಪಿದೆ ಎಂದೇ ಅರ್ಥ. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಒಂದು ಕಡ್ಡಿಯಿಂದ ಆ ರಂಧ್ರಗಳನ್ನು ಬಿಡಿಸಿದರೆ ಖರ್ಚಿಲ್ಲದೆ ಎಷ್ಟೋ ತೊಂದರೆ ತಪ್ಪುತ್ತದೆ.

ಹಳೆಯ ಕಾರು ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಭೀಮಾ ನದಿ ಉಕ್ಕಿ ಎರಡೂ ರಾಜ್ಯಗಳ ದಂಡೆಯ ಊರುಗಳಿಗೆ ನುಗ್ಗಿತ್ತು. ಅಂಥ ನೆರೆಯಲ್ಲಿ ನಿಂತ ಕಾರು ತೊಳೆದು ಪಾಲಿಶ್ ಮಾಡಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ತಂತಿಯೊಳಗಿನ ತುಕ್ಕು ಮಾತ್ರ ತಿಂಗಳುಗಳ ನಂತರ ಮಾತಾಡುತ್ತದೆ. ಸೀಟಿನ ಹಳಿಗಳು, ಬಾಗಿಲಿನ ತಳ, ನೆಲದ ಮ್ಯಾಟಿನ ಕೆಳಗಿನ ಕಪ್ಲರುಗಳು, ಈ ಮೂರನ್ನೂ ನೋಡದೆ ಮುಂಗಡ ಕೊಡಬೇಡಿ.

ಮೂರನೆಯ ಜಾಗ ನಾವೇ ಮಾಡಿಸಿದ ಕೆಲಸ. ಹೊರಗೆ ಹಾಕಿಸಿದ ಸೆಂಟರ್ ಲಾಕ್, ಸ್ಪೀಕರ್, ಬಾಗಿಲಿನ ಅಲಂಕಾರದ ದೀಪಗಳಿಗೆ ಮೂಲ ತಂತಿಯನ್ನು ಸೀಳಿ, ಟೇಪ್ ಸುತ್ತಿ ಕರೆಂಟ್ ತೆಗೆದಿರುತ್ತಾರೆ. ಬಿಸಿಲಿಗೆ ಟೇಪಿನ ಅಂಟು ಕರಗುತ್ತದೆ, ಜೋಡಣೆ ಸಡಿಲಾಗುತ್ತದೆ.

ಸರಿಯಾಗಿ ಅಳೆಯುವುದು ಹೇಗೆ?

ಇದು ನಿಮ್ಮ ವೈರಿಂಗ್ ಮೇಸ್ತ್ರಿಗೆ ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ನೀವು ಪಕ್ಕದಲ್ಲಿ ನಿಂತು ನೋಡಿದರೂ ಅರ್ಥವಾಗುತ್ತದೆ.

ಕಪ್ಲರ್ ಕಳಚಬೇಡಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೂ ಇನ್ನೊಂದನ್ನು ಮಾಡ್ಯೂಲಿಗೆ ಬರುವ ಪ್ಲಸ್ ತಂತಿಗೂ ಹಿಂದಿನಿಂದ ತಾಗಿಸಿ. ಇನ್ನೊಬ್ಬರು ಗ್ಲಾಸ್ ಸ್ವಿಚ್ ಒತ್ತಲಿ. ಆಗ ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜನ್ನು. ಅರ್ಧ ವೋಲ್ಟಿನ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಎರಡು, ಮೂರು ವೋಲ್ಟ್ ಬಂದರೆ ಆ ದಾರಿಯಲ್ಲೇ ದೋಷವಿದೆ.

ಇದನ್ನೇ ಅರ್ಥಿಂಗ್ ಕಡೆಗೂ ಮಾಡಿ: ಬ್ಯಾಟರಿಯ ಮೈನಸ್ ಮತ್ತು ಮಾಡ್ಯೂಲಿನ ಅರ್ಥಿಂಗ್ ಪಿನ್ ನಡುವೆ. ಇಲ್ಲಿ 0.2 ವೋಲ್ಟ್ ದಾಟಬಾರದು. ಪ್ಲಸ್ ತಂತಿಯನ್ನು ಎಲ್ಲರೂ ನೋಡುತ್ತಾರೆ, ಅರ್ಥಿಂಗನ್ನು ಮರೆಯುತ್ತಾರೆ. ಹೋದ ಕರೆಂಟ್ ವಾಪಸು ಬರುವ ದಾರಿ ಅದು. ಅಲ್ಲಿ ಅಡ್ಡಿಯಾದರೂ ಕೆಲಸ ನಿಲ್ಲುತ್ತದೆ.

ಮಾಡ್ಯೂಲ್ ಸ್ವಲ್ಪವೂ ಅಲುಗಾಡದಿದ್ದರೆ ಕಪ್ಲರ್ ಕಳಚಿ, ಅದರ ಪ್ಲಸ್ ಮತ್ತು ಅರ್ಥಿಂಗ್ ಪಿನ್ನುಗಳ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಉರಿಸಿ ನೋಡಬಹುದು. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಲ್ಬ್ ಪ್ರಖರವಾಗಿ ಉರಿದು, ಉರಿಯುವಾಗಲೇ ಅಳೆದ ವೋಲ್ಟೇಜ್ ಬ್ಯಾಟರಿಯ ಹತ್ತಿರವಿದ್ದರೆ ತಂತಿ ಗಟ್ಟಿಯಿದೆ. ಮಂಕಾದರೆ ತಂತಿಯನ್ನು ಹುಡುಕಿ. ಆದರೆ ಸಂದೇಶ ಸಾಗಿಸುವ ಸಣ್ಣ ತಂತಿಗಳಿಗೆ ಬಲ್ಬನ್ನು ಎಂದೂ ತಾಗಿಸಬಾರದು. ಅವು ಅಷ್ಟು ಕರೆಂಟಿಗೆ ಮಾಡಿದವಲ್ಲ. ಯಾವುದು ಯಾವ ತಂತಿ ಎಂದು ವೈರಿಂಗ್ ನಕ್ಷೆ ನೋಡದೆ ಊಹೆಯಿಂದ ಚುಚ್ಚಬೇಡಿ.

ಪ್ಲಸ್ ಸರಿಯಿದೆ, ಅರ್ಥಿಂಗ್ ಸರಿಯಿದೆ, ಸಂದೇಶವೂ ತಲುಪುತ್ತಿದೆ, ಆದರೂ ಮೋಟಾರಿಗೆ ಕರೆಂಟ್ ಬಿಡುತ್ತಿಲ್ಲ ಎಂದಾದರೆ ಆಗ ಮಾಡ್ಯೂಲ್ ಕೆಟ್ಟಿದೆ ಎನ್ನಬಹುದು. ಅಲ್ಲಿಯವರೆಗೆ ಅದು ಊಹೆ ಮಾತ್ರ.

ಸ್ಕ್ಯಾನರ್ ಹೇಳಿದ್ದು ತೀರ್ಪಲ್ಲವೇ?

ಈಗ ಕಡಿಮೆ ಬೆಲೆಯ ಸ್ಕ್ಯಾನರ್ ಕೊಂಡು ಮೊಬೈಲಿಗೆ ಜೋಡಿಸಿ ಕೋಡ್ ಓದುವವರು ಹೆಚ್ಚಾಗಿದ್ದಾರೆ. ಒಳ್ಳೆಯದೇ. ಆದರೆ ಅಗ್ಗದ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ನಿಗೆ ಸಂಬಂಧಿಸಿದ ‘ಪಿ’ ಕೋಡುಗಳನ್ನಷ್ಟೇ ಓದುತ್ತವೆ. ಬಾಗಿಲಿನವು ‘ಬಿ’ ಮತ್ತು ‘ಯು’ ಅಕ್ಷರದಿಂದ ಶುರುವಾಗುತ್ತವೆ. ‘ಕೋಡ್ ಇಲ್ಲ’ ಎಂದರೆ ದೋಷವಿಲ್ಲ ಎಂದಲ್ಲ.

ಕೋಡ್ ಬಂದರೂ ಅದು ದೂರು, ತೀರ್ಪಲ್ಲ. ‘ಬಾಗಿಲಿನ ಮಾಡ್ಯೂಲ್: ವೋಲ್ಟೇಜ್ ಕಡಿಮೆ’ ಎಂದರೆ ಆ ಮಾಡ್ಯೂಲಿಗೆ ಕರೆಂಟ್ ಸಾಲಲಿಲ್ಲ ಎಂದರ್ಥ. ‘ಮಾಡ್ಯೂಲ್ ಉತ್ತರಿಸುತ್ತಿಲ್ಲ’ ಎಂಬ ಕೋಡಿಗೂ ಕರೆಂಟ್ ಇಲ್ಲದಿರುವುದೇ ಕಾರಣವಿರಬಹುದು. ಊಟ ಸಿಗಲಿಲ್ಲ ಎಂದು ದೂರು ಕೊಟ್ಟವನನ್ನೇ ಕೆಲಸದಿಂದ ತೆಗೆದಂತೆ, ನಾವು ಮಾಡ್ಯೂಲನ್ನು ಬದಲಿಸಿಬಿಡುತ್ತೇವೆ. ಬೇರೆ ಬ್ಯಾಟರಿಯಿಂದ ಜಂಪ್ ಮಾಡಿ ಸ್ಟಾರ್ಟ್ ಮಾಡಿದ ದಿನದ ಹಳೆಯ ಕೋಡುಗಳೂ ಉಳಿದಿರುತ್ತವೆ. ಕೋಡುಗಳನ್ನು ಬರೆದುಕೊಂಡು, ಅಳಿಸಿ, ಒಂದೆರಡು ದಿನ ಓಡಿಸಿ, ಯಾವುದು ಮರಳಿ ಬಂತು ನೋಡಬೇಕು.

ಬಾಗಿಲು ಬ್ಯಾಟರಿಯನ್ನೇ ತಿನ್ನಬಲ್ಲದು

ಕೆಲವೊಮ್ಮೆ ಕಥೆ ತಿರುಗಾಮುರುಗಾ ಇರುತ್ತದೆ. ಬಾಗಿಲಿನ ಲಾಕ್ ಒಳಗೆ ‘ಬಾಗಿಲು ಮುಚ್ಚಿದೆಯೇ’ ಎಂದು ತಿಳಿಸುವ ಸಣ್ಣ ಸ್ವಿಚ್ ಇದೆ. ಅದು ಕೆಟ್ಟರೆ ಕಾರಿಗೆ ಬಾಗಿಲು ಸದಾ ತೆರೆದಂತೆ ಕಾಣುತ್ತದೆ. ಕಂಪ್ಯೂಟರುಗಳು ನಿದ್ದೆಗೆ ಜಾರುವುದಿಲ್ಲ. ಆರೋಗ್ಯವಾಗಿರುವ ಕಾರು ಬೀಗ ಹಾಕಿದ ಸ್ವಲ್ಪ ಹೊತ್ತಿನ ಬಳಿಕ 50 ಮಿಲಿಆಂಪಿಯರಿಗಿಂತ ಕಡಿಮೆ ಎಳೆಯುವುದು ವಾಡಿಕೆ. ಅದರ ಬದಲು ಅರ್ಧ ಆಂಪಿಯರ್ ಎಳೆಯುತ್ತಾ ಹೋದರೆ ದಿನಕ್ಕೆ 12 ಆಂಪಿಯರ್-ಗಂಟೆ ಖರ್ಚು. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನದೊಳಗೆ ಬರಿದಾಗುತ್ತದೆ. ‘ಹೊಸ ಬ್ಯಾಟರಿ ಹಾಕಿದರೂ ನಿಲ್ಲುತ್ತಿಲ್ಲ’ ಎನ್ನುವವರು ಡ್ಯಾಶ್‌ಬೋರ್ಡಿನ ಆ ಕೆಂಪು ದೀಪ ಒಮ್ಮೆ ನೋಡಲಿ.

ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

‘ಕೀ ಒಳಗೆ ಉಳಿದರೆ ಮನೆಯವರಿಗೆ ಫೋನ್ ಮಾಡಿ, ಇನ್ನೊಂದು ರಿಮೋಟನ್ನು ಫೋನಿನ ಬಳಿ ಒತ್ತಿಸಿ, ಲಾಕ್ ತೆರೆಯುತ್ತದೆ’: ಸುಳ್ಳು. ಹೆಚ್ಚಿನ ಕಾರು ರಿಮೋಟುಗಳು 433 ಮೆಗಾಹರ್ಟ್ಜ್ ಆಸುಪಾಸಿನ ರೇಡಿಯೋ ಅಲೆ ಬಿಡುತ್ತವೆ. ಫೋನ್ ಕರೆ ಸಾಗಿಸುವುದು ಕಿವಿಗೆ ಕೇಳುವ ಧ್ವನಿಯನ್ನು ಮಾತ್ರ. ಆ ಅಲೆ ಕರೆಯೊಳಗೆ ಹೋಗುವುದೇ ಇಲ್ಲ.

‘ಬ್ಯಾಟರಿ ಸತ್ತರೆ ಕಾರಿನೊಳಗೇ ಬಂಧಿ’: ಹೆಚ್ಚಿನ ಕಾರುಗಳ ಮಟ್ಟಿಗೆ ಸುಳ್ಳು. ಒಳಗಿನ ಹಿಡಿಕೆಗೆ ಕೇಬಲ್ ಅಥವಾ ಕಡ್ಡಿಯ ನೇರ ಸಂಪರ್ಕವಿರುತ್ತದೆ. ಲಾಕ್ ಗುಂಡಿಯನ್ನು ಕೈಯಿಂದ ಎಳೆದು ಹಿಡಿಕೆ ಎಳೆದರೆ ಬಾಗಿಲು ತೆರೆಯುತ್ತದೆ. ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಮಕ್ಕಳ ಲಾಕ್ ಹಾಕಿದ್ದರೆ ಮಾತ್ರ ಹಿಂದಿನಿಂದ ತೆರೆಯದು. ಕೆಲವು ಹೊಸ ಕಾರುಗಳಲ್ಲಿ ಹಿಡಿಕೆಯೂ ವಿದ್ಯುತ್ತಿನದೇ. ಅವುಗಳಲ್ಲಿ ತುರ್ತಿಗೆ ಕೈಯಿಂದ ತೆರೆಯುವ ವ್ಯವಸ್ಥೆ ಎಲ್ಲಿದೆ ಎಂದು ಕೈಪಿಡಿಯಲ್ಲಿ ಓದಿ, ಮನೆಯವರಿಗೆಲ್ಲ ತೋರಿಸಿಡಿ.

‘ಫ್ಯೂಸ್ ಪದೇ ಪದೇ ಹೋದರೆ ದೊಡ್ಡದು ಹಾಕಿ’: ಅಪಾಯಕಾರಿ. ಫ್ಯೂಸ್ ಇರುವುದು ತಂತಿಯನ್ನು ಉಳಿಸಲು. 20ರ ಜಾಗದಲ್ಲಿ 30 ಹಾಕಿದರೆ, ಅಥವಾ ಬೆಳ್ಳಿ ಕಾಗದ ಸುತ್ತಿದರೆ, ಫ್ಯೂಸಿನ ಬದಲು ತಂತಿ ಸುಡುತ್ತದೆ.

‘ಬಿಗಿಯಾದ ಸ್ವಿಚ್ಚಿಗೆ ಎಣ್ಣೆ ಸ್ಪ್ರೇ ಮಾಡಿ’: ಇದೂ ಅಪಾಯಕಾರಿ. 2012ರ ಅಕ್ಟೋಬರಿನಲ್ಲಿ ಟೊಯೋಟಾ ಕಂಪನಿ ಚಾಲಕನ ಬಾಗಿಲಿನ ಪವರ್ ವಿಂಡೋ ಸ್ವಿಚ್ ದೋಷಕ್ಕಾಗಿ ಜಗತ್ತಿನಾದ್ಯಂತ 74 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಿತು. ಒಳಗಿನ ಗ್ರೀಸ್ ಸಮನಾಗಿ ಹಚ್ಚಿರಲಿಲ್ಲ. ಅಂಗಡಿಯಲ್ಲಿ ಸಿಗುವ ಎಣ್ಣೆ, ಸ್ಪ್ರೇ ಹಾಕಿದರೆ ಸ್ವಿಚ್ ಕರಗಿ ಹೊಗೆ ಬರಬಹುದು ಎಂದು ಕಂಪನಿಯೇ ಎಚ್ಚರಿಸಿತ್ತು. 2015ರಲ್ಲಿ ಮತ್ತೆ ಸುಮಾರು 65 ಲಕ್ಷ ವಾಹನಗಳನ್ನು ಇದೇ ಜಾತಿಯ ಸ್ವಿಚ್ಚಿಗಾಗಿ ಕರೆಸಿತು. ಅದಕ್ಕೂ ಮೊದಲು, 2010ರ ಜನವರಿಯಲ್ಲಿ, ಹೋಂಡಾ ತನ್ನ ಜಾಝ್ ಮತ್ತು ಸಿಟಿ ಕಾರುಗಳನ್ನು ಕರೆಸಿತ್ತು. ಕಿಟಕಿಯಿಂದ ನೀರು ಸ್ವಿಚ್ಚಿಗೆ ಇಳಿದರೆ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಇತ್ತು. ಭಾರತದಲ್ಲಿ 2007ರಲ್ಲಿ ತಯಾರಾದ ಸಿಟಿ ಕಾರುಗಳೂ ಅದರಲ್ಲಿದ್ದವು. ಸ್ವಿಚ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಬಳಸುವುದನ್ನು ನಿಲ್ಲಿಸಿ. ನಿಮ್ಮ ಕಾರಿನ ಮೇಲೆ ಇಂಥ ಕರೆ ಬಾಕಿ ಇದೆಯೇ ಎಂದು ಚಾಸಿ ನಂಬರ್ ಹೇಳಿ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಇದ್ದರೆ ದುರಸ್ತಿಗೆ ಸಾಮಾನ್ಯವಾಗಿ ಹಣ ಕೊಡಬೇಕಾಗಿಲ್ಲ.

ಬಿಸಿಲು, ಮಕ್ಕಳು ಮತ್ತು ಕೆಟ್ಟ ಲಾಕ್

ಲಾಕ್ ಕೆಟ್ಟದ್ದು ಹಣದ ಮಾತು ಮಾತ್ರವಲ್ಲ. ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಸಿಲಿಗೆ ನಿಂತ ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ. ಅದರಲ್ಲಿ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಗ್ಲಾಸನ್ನು ಒಂದೂವರೆ ಇಂಚು ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗಲಿಲ್ಲ.

ತಾನಾಗಿ ಬೀಳುವ ಲಾಕ್, ಇಳಿಯದ ಗ್ಲಾಸ್, ಒಳಗೆ ಆಡುತ್ತಿರುವ ಮಗು: ಈ ಮೂರೂ ಸೇರಿದರೆ ನಿಮಿಷಗಳಲ್ಲಿ ಅನಾಹುತ. ಹಾಗಾಗಿ ಲಾಕ್ ಕೈಕೊಡುತ್ತಿರುವ ಕಾರಿನಲ್ಲಿ ‘ಎರಡೇ ನಿಮಿಷ’ ಎಂದು ಮಗುವನ್ನು ಬಿಡಬೇಡಿ, ಕೀಯನ್ನು ಒಳಗೆ ಬಿಟ್ಟು ಇಳಿಯಬೇಡಿ. ಸಿಕ್ಕಿಕೊಂಡಿದ್ದು ಕಂಡರೆ ಮೆಕ್ಯಾನಿಕ್ ಬರುವವರೆಗೆ ಕಾಯಬೇಡಿ. 112ಕ್ಕೆ ಕರೆ ಮಾಡಿಸಿ, ಮಗುವಿನಿಂದ ದೂರವಿರುವ ಪಕ್ಕದ ಗ್ಲಾಸಿನ ಮೂಲೆಗೆ ಗಟ್ಟಿ ಚೂಪಾದ ವಸ್ತುವಿನಿಂದ ಹೊಡೆದು ಒಡೆಯಿರಿ. ಮುಂದಿನ ದೊಡ್ಡ ಗ್ಲಾಸ್ ಪದರದ ಗಾಜು, ಅದು ಸುಲಭಕ್ಕೆ ಬಿಡುವುದಿಲ್ಲ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ತಪ್ಪೆಲ್ಲ ಮೆಕ್ಯಾನಿಕ್‌ನದು ಎನ್ನುವುದೂ ನ್ಯಾಯವಲ್ಲ. ಹೊಸ ಭಾಗ ಹಾಕಿದರೆ ನಾವು ಬಿಲ್ಲಿಗೆ ಚಕಾರವೆತ್ತದೆ ಹಣ ಕೊಡುತ್ತೇವೆ. ಎರಡು ಗಂಟೆ ಕೂತು ಒಂದು ತಂತಿ ಹುಡುಕಿ ಜೋಡಿಸಿದರೆ ‘ಒಂದು ವೈರಿಗೆ ಇಷ್ಟೊಂದಾ?’ ಎನ್ನುತ್ತೇವೆ. ಹೀಗಿರುವಾಗ ಹುಡುಕುವ ಕೆಲಸಕ್ಕಿಂತ ಬದಲಿಸುವ ಕೆಲಸವೇ ಲಾಭವಾಗುತ್ತದೆ. ಬೇಕಾದ ವೈರಿಂಗ್ ನಕ್ಷೆಗಳೂ ಸಣ್ಣ ಊರಿನ ಗ್ಯಾರೇಜುಗಳಿಗೆ ಸುಲಭವಾಗಿ ಸಿಗುವುದಿಲ್ಲ. ಹುಡುಕುವ ಕೂಲಿಯನ್ನು ಮೊದಲೇ ಮಾತಾಡಿಕೊಂಡು ಮರ್ಯಾದೆಯಿಂದ ಕೊಟ್ಟರೆ ಉಳಿತಾಯ ನಮಗೇ.

ಹೋದಾಗ ಮೂರು ಪ್ರಶ್ನೆ ಕೇಳಿ. ಸ್ವಿಚ್ ಒತ್ತಿದಾಗ ಮಾಡ್ಯೂಲಿಗೆ ಎಷ್ಟು ವೋಲ್ಟ್ ಬರುತ್ತಿದೆ? ಅರ್ಥಿಂಗ್ ಅಳೆದಿರಾ? ಬಾಗಿಲ ಸಂದಿಯ ತಂತಿ ಬಿಚ್ಚಿ ನೋಡಿದಿರಾ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಹೊಸ ಮಾಡ್ಯೂಲಿನ ಮಾತು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಹಲವು ಕಾರುಗಳಲ್ಲಿ ಹೊಸ ಮಾಡ್ಯೂಲನ್ನು ಆ ಕಾರಿಗೆ ಹೊಂದಿಸುವ ಸಾಫ್ಟ್‌ವೇರ್ ಕೆಲಸವೂ ಬೇಕಾಗುತ್ತದೆ. ಅದರ ಖರ್ಚನ್ನೂ ಮೊದಲೇ ವಿಚಾರಿಸಿ.

ಸ್ವತಃ ಕೈ ಹಾಕುವವರಿಗೆ ಕೊನೆಯ ಎಚ್ಚರಿಕೆ. ತಂತಿ ಕತ್ತರಿಸುವ, ಜೋಡಿಸುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಹಳದಿ ಬಣ್ಣದ ಕಪ್ಲರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವನ್ನು ಮುಟ್ಟಬೇಡಿ. ಗ್ಲಾಸ್ ಪರೀಕ್ಷಿಸುವಾಗ ಬೆರಳು ದೂರವಿರಲಿ.

ಕಾರಿನ ಗುಂಪಿಗೆ ಏನಾದರೂ ಕಳುಹಿಸಬೇಕು ಅನ್ನಿಸಿದರೆ ಈ ಒಂದು ಸಾಲು ಸಾಕು: ಮಾಡ್ಯೂಲ್ ಬದಲಿಸುವ ಮೊದಲು, ಕೆಲಸ ನಡೆಯುತ್ತಿರುವಾಗ ವೋಲ್ಟೇಜ್ ಅಳೆಯಿರಿ, ಪ್ಲಸ್ ಕಡೆಗೂ ಅರ್ಥಿಂಗ್ ಕಡೆಗೂ.